ಮೂಟೆ ಹೊತ್ತು ಹಣ್ಣಾದ ಮೈಗೂ ಬೆಳಗಿನ ನಡಿಗೆ ಬೇಕೇ?

ಪ್ರಶ್ನೆ ಕೇಳಿದವರು: ಹಿರೇಮಗಳೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ವಾದ ನಡೆಯುತ್ತಿದೆ. ಅಪ್ಪನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ವೈದ್ಯರ ಮಾತನ್ನು ತಳ್ಳಿಹಾಕುವ ಧೈರ್ಯವೂ ಇಲ್ಲ. ತಿಳಿದವರು ಬಿಡಿಸಿ ಹೇಳಬೇಕು.

ಅಪ್ಪನಿಗೆ ಈಗ 56 ವರ್ಷ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಯಲ್ಲಿ, 29 ವರ್ಷದಿಂದ ಹಮಾಲಿ. ಸುಗ್ಗಿಯಲ್ಲಿ ಮೂಡಿಗೆರೆ, ಆಲ್ದೂರು, ಮಲ್ಲಂದೂರು ಕಡೆಯ ತೋಟಗಳಿಂದ ಲಾರಿಗಳು ಸಾಲುಗಟ್ಟಿದವೆಂದರೆ ಅವರಿಗೆ ಹೊತ್ತು ಹುಟ್ಟಿದ್ದೂ ತಿಳಿಯುವುದಿಲ್ಲ, ಮುಳುಗಿದ್ದೂ ತಿಳಿಯುವುದಿಲ್ಲ. ಒಂದೊಂದು ಮೂಟೆ 50 ಕೆ.ಜಿ. ಚಿಕ್ಕವಳಿದ್ದಾಗ ಬುತ್ತಿ ಕೊಡಲು ಹೋದರೆ ಗೋದಾಮಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಲಾರಿಯ ಮೇಲಿನ ಇಬ್ಬರು ಮೂಟೆಯ ಎರಡು ಕಿವಿ ಹಿಡಿದು ಅಂಚಿಗೆ ತರುತ್ತಾರೆ. ಅಪ್ಪ ಮಡಿಸಿದ ಗೋಣಿಯನ್ನು ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಂಡು, ಲಾರಿಗೆ ಬೆನ್ನು ಕೊಟ್ಟು, ಮೊಣಕಾಲು ತುಸು ಬಗ್ಗಿಸಿ ನಿಲ್ಲುತ್ತಾರೆ. ಮೂಟೆ ಹೆಗಲಿಗೆ ಬೀಳುವ ಹೊತ್ತಿಗೆ ಸರಿಯಾಗಿ ಉಸಿರು ಕಟ್ಟುತ್ತಾರೆ. ಕತ್ತಿನ ನರ ಹಗ್ಗದ ಹಾಗೆ ಉಬ್ಬುತ್ತದೆ. ಹಲಗೆ ದಾಟಿ, ಅಟ್ಟಿಯ ಮುಂದೆ ಮೂಟೆ ಜಾರಿಸಿದ ಮೇಲೆಯೇ ಆ ಉಸಿರು ಹೊರಗೆ ಬರುವುದು. ಹಾಗೆ ದಿನಕ್ಕೆ ಎಷ್ಟು ಸಲ ಎಂದು ಕೇಳಿದರೆ, ಮೂಟೆಗೆ ಇಷ್ಟು ಎಂದು ಕೂಲಿ ಸಿಗುವವನು ಎಣಿಸುವುದನ್ನು ಮರೆಯುತ್ತಾನೆಯೇ ಎನ್ನುತ್ತಾರೆ, ಆದರೆ ಎಣಿಕೆ ಮಾತ್ರ ಹೇಳುವುದಿಲ್ಲ.

ಈ ಫೆಬ್ರವರಿಯಲ್ಲಿ ಒಂದು ದಿನ ಬೆಳಿಗ್ಗೆ 11 ಗಂಟೆಗೆ ಎದೆಯ ನಡುವೆ ಉರಿ ಶುರುವಾಯಿತಂತೆ. ಗ್ಯಾಸ್ ಎಂದುಕೊಂಡು ನಿಂಬೆಹಣ್ಣಿನ ಸೋಡಾ ಕುಡಿದು ಅಟ್ಟಿಗೆ ಒರಗಿ ಕುಳಿತರು. ಮೈ ಬೆವರಿತು. ಹಮಾಲಿ ಬೆವರಿದರೆ ಯಾರು ಗಮನಿಸುತ್ತಾರೆ? ಮತ್ತೆ ಎದ್ದು ನಾಲ್ಕು ಮೂಟೆ ಹೊತ್ತಿದ್ದಾರೆ. ಮಧ್ಯಾಹ್ನ ಮೂರು ಗಂಟೆಗೆ ಮನೆಗೆ ಬಂದಾಗ ಮುಖ ಬೂದಿ ಬಳಿದ ಹಾಗಿತ್ತು. ಅಮ್ಮ ಆಟೊ ಕರೆಸಿ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ ನೋಡಿದ ಕೂಡಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರು, ಮರುದಿನ ಆಂಜಿಯೋಗ್ರಾಂ ಮಾಡಿ ಒಂದು ಸ್ಟೆಂಟ್ ಹಾಕಿದರು. ತಡವಾಗಿ ಬಂದಿದ್ದರಿಂದ ಹೃದಯದ ಸ್ನಾಯುವಿನ ಒಂದು ಭಾಗಕ್ಕೆ ಪೆಟ್ಟು ಬಿದ್ದಿದೆ ಎಂದರು. ಎಕೋ ವರದಿಯಲ್ಲಿ ಇಎಫ್, ಅಂದರೆ ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಅಳತೆ, 42 ಎಂದಿದೆ.

ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಎರಡು ಸಾಲು ಬರೆದಿದ್ದರು: ಭಾರ ಎತ್ತಬಾರದು, ದಿನಕ್ಕೆ 30 ನಿಮಿಷ ನಡೆಯಬೇಕು. ಮೊದಲ ಸಾಲಿಗೆ ಅಪ್ಪ ಸುಮ್ಮನಿದ್ದರು. ಎರಡನೆಯದಕ್ಕೆ ಕೆಂಡವಾದರು. "ಇಪ್ಪತ್ತೊಂಬತ್ತು ವರ್ಷ ಒಂದು ದಿನ ಕೂತು ಉಂಡವನಲ್ಲ. ನನಗೆ ನಡೆಯಲು ಹೇಳಿಕೊಡುತ್ತಾರೆಯೇ? ನಡೆದರೆ ಹೃದಯ ಉಳಿಯುವುದಾದರೆ ನನ್ನದೇಕೆ ಕೆಟ್ಟಿತು? ಕೂತು ತಿನ್ನುವ ಸಾಹುಕಾರರಿಗೆ ಹೇಳಲಿ" ಎಂದರು.

ಅವರ ಮಾತು ನನಗೂ ಸರಿ ಎನಿಸುತ್ತದೆ, ಅದೇ ಕಷ್ಟ. ನಾನು ಐ.ಜಿ. ರಸ್ತೆಯ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವಳು. ಅಮ್ಮ ಅದೇ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನೆಲದ ಮೇಲೆ ಕುಳಿತು ಕಾಳು ಆರಿಸುತ್ತಿದ್ದವರು. ಕೂತವರಿಬ್ಬರೂ ಚೆನ್ನಾಗಿದ್ದೇವೆ, ನಡೆದವರು ಬಿದ್ದರು. ದುಡಿತವೇ ವ್ಯಾಯಾಮವಲ್ಲವೇ? ಅವರು ಬೀಡಿ ಸೇದುವುದಿಲ್ಲ, ಆದರೆ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುತ್ತಿದ್ದರು. ಬಿ.ಪಿ. ಯಾವತ್ತೂ ನೋಡಿಸಿರಲಿಲ್ಲ. ಮುಂದಿನ ಸುಗ್ಗಿಗೆ ಕೆಲಸಕ್ಕೆ ಹೋಗುತ್ತೇನೆ ಎಂದು ಈಗಲೇ ಹಟ ಹಿಡಿದಿದ್ದಾರೆ.


ಉತ್ತರ: ತೋಟದ ರೈಟರ್, ಮೂಡಿಗೆರೆ

ತಂಗಿ, ನಿಮ್ಮ ತಂದೆಯವರು ಬೇಗ ಗುಣವಾಗಲಿ. ನಾನು 22 ವರ್ಷದಿಂದ ಎಸ್ಟೇಟಿನಲ್ಲಿ ರೈಟರ್. ಹಾಜರಿ ಪುಸ್ತಕ ನನ್ನ ಕೈಯಲ್ಲಿರುವುದರಿಂದ ಯಾರು ಯಾವಾಗ ಬರುವುದನ್ನು ನಿಲ್ಲಿಸಿದರು ಎಂಬುದು ನೆನಪಿರುತ್ತದೆ. ನಮ್ಮ ತಾತ ಎಂಬತ್ತು ದಾಟುವವರೆಗೆ ಮರ ಹತ್ತಿ ಮೆಣಸು ಕೊಯ್ದವರು. ಅವರಿಗೆ ಯಾವ ಹೃದಯದ ಕಾಯಿಲೆಯೂ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ದುಡಿದಿದ್ದರಿಂದ ತೊಂದರೆಯಾಗಿಲ್ಲ, ಊಟ ಕೆಟ್ಟಿದ್ದರಿಂದ ಆಗಿದೆ. ಆಗ ರಾಗಿ, ಸೊಪ್ಪು, ಹುರುಳಿ ಇತ್ತು. ಈಗ ಕೂಲಿಯವರ ಲೈನ್ ಮನೆಗಳಲ್ಲಿ ನೋಡಿದರೆ ಬಿಳಿ ಅನ್ನ, ಪಾಮೆಣ್ಣೆ, ಉಪ್ಪಿನಕಾಯಿ, ಒಣಮೀನು. ಜೊತೆಗೆ ಕಡ್ಡಿಪುಡಿ. ಅದನ್ನು ಬಿಡಿಸಿ, ಅರ್ಧ ಕೆಲಸ ಆದಂತೆ.

ಆದರೆ ಒಂದು ಮಾತು ಒಪ್ಪುತ್ತೇನೆ. ಮರಗಸಿ ಮಾಡುವವರು, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವವರು, ಗೊಬ್ಬರದ ಚೀಲ ಹೊರುವವರು ಐವತ್ತಕ್ಕೇ ಬಳಲಿ ಹೋಗುತ್ತಾರೆ. ನನ್ನ ಹಾಜರಿ ಪುಸ್ತಕದಲ್ಲಿ ಅರವತ್ತರವರೆಗೆ ಗಟ್ಟಿಯಾಗಿ ಉಳಿದವರು ಹೆಚ್ಚಾಗಿ ನರ್ಸರಿಯವರು, ಕಳೆ ತೆಗೆಯುವವರು, ಅಲ್ಲಿಂದ ಇಲ್ಲಿಗೆ ಓಡಾಡಿಕೊಂಡಿರುವ ಮೇಸ್ತ್ರಿಗಳು. ಅದೇಕೆ ಎಂದು ನಾನು ಯೋಚಿಸಿರಲಿಲ್ಲ. ನಿಮ್ಮ ಪ್ರಶ್ನೆ ಓದಿದ ಮೇಲೆ ಯೋಚನೆ ಹತ್ತಿದೆ.


ಉತ್ತರ: ನಿವೃತ್ತ ನಿರ್ವಾಹಕ, ಹಾಸನ

ಮಗಳೇ, ನಾನು 31 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿನ್ನ ಅಪ್ಪನ ಪ್ರಶ್ನೆ ನನ್ನದೂ ಆಗಿತ್ತು. ಅದಕ್ಕೆ ಕಾರಣ ನನ್ನ ಜೊತೆಗಾರ ಡ್ರೈವರ್. ಹನ್ನೊಂದು ವರ್ಷ ಒಂದೇ ಗಾಡಿಯಲ್ಲಿ ಸಕಲೇಶಪುರ, ಶಿರಾಡಿ ಘಾಟಿ ದಾಟಿ ಕರಾವಳಿಗೆ ಹೋಗಿ ಬಂದಿದ್ದೇವೆ. ಒಂದೇ ಹೋಟೆಲಿನಲ್ಲಿ ಊಟ, ಒಂದೇ ಡಿಪೊದಲ್ಲಿ ನಿದ್ದೆ. 51ನೇ ವಯಸ್ಸಿಗೆ ಅವನು ಹೋದ. ನಾನು ಇದ್ದೇನೆ.

ಅವನು ಹೋದ ಮೇಲೆ ಡಿಪೊದಲ್ಲಿ ನಡೆದ ಆರೋಗ್ಯ ಶಿಬಿರಕ್ಕೆ ಬಂದ ವೈದ್ಯರೊಬ್ಬರು ಒಂದು ಕಥೆ ಹೇಳಿದರು, ಆಮೇಲೆ ನಾನೇ ಹುಡುಕಿ ಓದಿದೆ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಸಾರಿಗೆ ನೌಕರರ ಆರೋಗ್ಯದ ದಾಖಲೆಗಳನ್ನು ಕಲೆಹಾಕಿ 1953ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ಪಾಳಿಯ ಬಹುಪಾಲು ಹೊತ್ತು ಕುಳಿತೇ ಇರುತ್ತಿದ್ದ. ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಇಬ್ಬರ ಊರು ಒಂದೇ, ವರ್ಗ ಒಂದೇ. ಆದರೂ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ. ಬಂದರೂ ತಡವಾಗಿ, ಅಷ್ಟು ಮಾರಕವಾಗಿರಲಿಲ್ಲ. ಅಂಚೆ ಇಲಾಖೆಯಲ್ಲೂ ಹಾಗೆಯೇ, ಕಾಗದ ಹಂಚುವವರಿಗೆ ಕಡಿಮೆ, ಕುಳಿತು ಕೆಲಸ ಮಾಡುವವರಿಗೆ ಹೆಚ್ಚು. ಕೆಲಸದಲ್ಲಿ ಮೈ ಆಡಿಸುವುದಕ್ಕೂ ಹೃದಯಕ್ಕೂ ಇರುವ ನಂಟನ್ನು ದೊಡ್ಡ ಲೆಕ್ಕ ಹಿಡಿದು ತೋರಿಸಿದ ಮೊದಲಿಗರಲ್ಲಿ ಅವರು ಒಬ್ಬರು.

ಆದರೆ ಮಾರಿಸ್ ಅಲ್ಲಿಗೇ ಬಿಡಲಿಲ್ಲ. ಅವರ ಮೇಲೆ ನನಗೆ ಗೌರವ ಹೆಚ್ಚಾಗಿದ್ದು ಇಲ್ಲಿ. ದಪ್ಪಗಿರುವವರೇ ಡ್ರೈವರ್ ಕೆಲಸ ಹಿಡಿಯುತ್ತಾರೋ ಏನೋ ಎಂದು ಅನುಮಾನಪಟ್ಟು ಸಮವಸ್ತ್ರದ ಅಳತೆ ಪುಸ್ತಕ ತರಿಸಿದರು. ನೋಡಿದರೆ ಡ್ರೈವರುಗಳ ಪ್ಯಾಂಟಿನ ಸೊಂಟದ ಅಳತೆಯೇ ದೊಡ್ಡದು. ಅದನ್ನೂ 1956ರಲ್ಲಿ ಮುಚ್ಚಿಡದೆ ಪ್ರಕಟಿಸಿದರು. ಎಲ್ಲವನ್ನೂ ಮೆಟ್ಟಿಲಿನ ಲೆಕ್ಕಕ್ಕೇ ಬರೆಯಬೇಡಿ ಎಂದು ತಾವೇ ತಮ್ಮ ಮಾತಿಗೆ ತಡೆ ಹಾಕಿಕೊಂಡ ಹಾಗೆ. ಆ ಮನುಷ್ಯ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು.

ಈಗ ನನ್ನ ಮಾತು. ನಮ್ಮ ಬಸ್ಸಿಗೆ ಮೇಲಂತಸ್ತು ಇಲ್ಲ. ಹಾಸನದಿಂದ ಹೊರಟ ಗಾಡಿಯಲ್ಲಿ ಎಪ್ಪತ್ತು ಜನ ತುಂಬಿದರೆ ನಾನು ಕಂಬಿಗೆ ಸೊಂಟ ಒತ್ತಿ, ಕಾಲು ಅಗಲಿಸಿ, ತಿರುವಿಗೊಮ್ಮೆ ಬಿಗಿಹಿಡಿದು ನಿಲ್ಲುತ್ತಿದ್ದೆ. ಅದು ನಡಿಗೆಯಲ್ಲ, ಬರೀ ನಿಲುವು. ಸಂಜೆಗೆ ಕಾಲಿನ ನರ ಗಂಟು ಕಟ್ಟುತ್ತಿತ್ತು. ಹಾಗಾಗಿ ಲಂಡನ್ನಿನ ಕಂಡಕ್ಟರಿನ ಲೆಕ್ಕವನ್ನು ನನಗೆ ಹಾಗೆಯೇ ಅಂಟಿಸಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ, ನಿನ್ನ ಅಪ್ಪನಿಗಂತೂ ಅದು ಹೊಂದುವುದೇ ಇಲ್ಲ. ಮೆಟ್ಟಿಲು ಹತ್ತುವುದು ಬೇರೆ, ಮೂಟೆ ಹೊರುವುದು ಬೇರೆ. ಯಾಕೆ ಬೇರೆ ಎಂದು ಬಲ್ಲವರು ಹೇಳಲಿ.

ಇನ್ನೊಂದು. 2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಾದ ಹೃದಯಾಘಾತಗಳ ಸುದ್ದಿ ರಾಜ್ಯದಲ್ಲೆಲ್ಲ ಹಬ್ಬಿ, ಜನ ಬೆಳಗಿನ ಜಾವಕ್ಕೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತಿದ್ದು ನಿನಗೂ ನೆನಪಿರಬೇಕು. ನಮ್ಮ ಬೀದಿಯಿಂದಲೇ ಮೂವರು ಆ ಸಾಲಿಗೆ ಹೋಗಿದ್ದರು. ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಹೆದರಿದ್ದು ಹೆಚ್ಚಾಯಿತೇನೋ, ಆದರೆ ಆ ಹೆದರಿಕೆಯಲ್ಲಿ ಮೊದಲ ಸಲ ಬಿ.ಪಿ. ನೋಡಿಸಿಕೊಂಡ ಆಟೊ ಚಾಲಕರನ್ನು ನಾನು ಬಲ್ಲೆ. ನಿನ್ನ ಅಪ್ಪನಿಗೆ ಆ ಅವಕಾಶವೂ ಸಿಗಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.


ಉತ್ತರ: ಹೃದ್ರೋಗ ವಿಭಾಗದ ಶುಶ್ರೂಷಕಿ, ಹಾಸನ

ನಿಮ್ಮ ಬರಹದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಮೂಟೆ ಹೆಗಲಿಗೆ ಬೀಳುವಾಗ ಉಸಿರು ಕಟ್ಟುತ್ತಾರೆ, ಜಾರಿಸಿದ ಮೇಲೆಯೇ ಬಿಡುತ್ತಾರೆ ಎಂದಿರಿ. ಉತ್ತರದ ಬಹುಪಾಲು ಅಲ್ಲಿಯೇ ಇದೆ. ನಾನು ವೈದ್ಯೆಯಲ್ಲ. ಆದರೆ 14 ವರ್ಷ ಹೃದಯಾಘಾತದ ರೋಗಿಗಳ ಮಂಚದ ಪಕ್ಕ ನಿಂತಿದ್ದೇನೆ, ಅವರನ್ನು ಮತ್ತೆ ನಡೆಯಲು ಹಚ್ಚುವುದು ನನ್ನ ಕೆಲಸದ ಒಂದು ಭಾಗ.

ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಎದೆಗೂಡಿನೊಳಗೆ ಒತ್ತಡ ಏರುತ್ತದೆ. ಬಿಗಿದ ಸ್ನಾಯುಗಳು ತಮ್ಮೊಳಗಿನ ರಕ್ತನಾಳಗಳನ್ನು ಹಿಂಡುತ್ತವೆ. ಎರಡೂ ಸೇರಿ ರಕ್ತದೊತ್ತಡ ಗಕ್ಕನೆ ಮೇಲಕ್ಕೆ ಹಾರುತ್ತದೆ. ದೇಹದಾರ್ಢ್ಯ ಪಟುಗಳು ಎರಡೂ ಕಾಲಿನಿಂದ ಭಾರ ಒತ್ತುವಾಗ ರಕ್ತನಾಳದೊಳಗೇ ಅಳತೆಯ ನಳಿಕೆ ಇಟ್ಟು ನೋಡಿದ್ದಾರೆ, ಮೇಲಿನ ಅಂಕಿ 300 ದಾಟಿದೆ. ಅವರು ಹಾಗೆ ಮಾಡುವುದು ಕೆಲವೇ ಸಲ, ಆಮೇಲೆ ಕೂರುತ್ತಾರೆ, ಮರುದಿನ ಆ ಕಾಲಿಗೆ ರಜೆ ಕೊಡುತ್ತಾರೆ. ನಿಮ್ಮ ತಂದೆಗೆ ಆ ರಜೆ ಯಾರು ಕೊಟ್ಟರು?

ನಡಿಗೆಯಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ದೊಡ್ಡ ಸ್ನಾಯುಗಳು ಬಿಗಿದು ಸಡಿಲವಾಗಿ, ಬಿಗಿದು ಸಡಿಲವಾಗಿ ರಕ್ತವನ್ನು ಹೃದಯಕ್ಕೆ ತಳ್ಳಿಕೊಡುತ್ತವೆ, ನಾಳಗಳು ಅರಳುತ್ತವೆ. ಅರ್ಧ ಗಂಟೆ ಹೃದಯ ಚುರುಕಾಗಿ ಹೊಡೆದುಕೊಂಡು, ಆಮೇಲೆ ದಿನವಿಡೀ ಮೊದಲಿಗಿಂತ ನಿಧಾನವಾಗಿ ಹೊಡೆದುಕೊಳ್ಳಲು ಕಲಿಯುತ್ತದೆ. ಹತ್ತು ಗಂಟೆಯ ದುಡಿತದಲ್ಲಿ ಹೃದಯದ ಬಡಿತ ಇಡೀ ದಿನ ಏರಿಯೇ ಇರುತ್ತದೆ, ಇಳಿಯಲು ರಾತ್ರಿ ಸಾಲುವುದಿಲ್ಲ. ಬಾವಿಯಿಂದ ನೀರು ಸೇದಿದರೆ ಸೆಲೆ ಒಸರಿ ಮತ್ತೆ ತುಂಬಲು ಹೊತ್ತು ಬೇಕು. ಒಂದೇ ಸಮನೆ ಸೇದುತ್ತಿದ್ದರೆ ಕೊಡಕ್ಕೆ ಬರುವುದು ಕೆಸರು.

ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್ಮನ್ ಮತ್ತು ಸಂಗಡಿಗರು ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. 2021ರಲ್ಲಿ ಅವರು ಕೋಪನ್‌ಹೇಗನ್ನಿನ 1,04,046 ಜನರ ಲೆಕ್ಕ ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಮೈ ಆಡಿಸುವವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಕಡಿಮೆ. ಹೊಟ್ಟೆಪಾಡಿನ ಕೆಲಸದಲ್ಲಿ ವಿಪರೀತ ಶ್ರಮಪಡುವವರಲ್ಲಿ ಹೆಚ್ಚು, ಅತ್ಯಂತ ಭಾರದ ಕೆಲಸದವರಲ್ಲಿ ಸುಮಾರು ಶೇ 35ರಷ್ಟು ಹೆಚ್ಚು. ಧೂಮಪಾನ, ಓದು, ಆದಾಯದಂಥ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೆಯೇ ಉಳಿಯಿತು. ಇದಕ್ಕೆ ಎದುರು ಮಾತೂ ಇದೆ. ಅದೇ ವರ್ಷ ಬಂದ ನಾರ್ವೆಯ ದೊಡ್ಡ ಅಧ್ಯಯನದಲ್ಲಿ ಮೈ ಬಗ್ಗಿಸಿ ದುಡಿಯುವ ಗಂಡಸರು ಕುಳಿತು ಕೆಲಸ ಮಾಡುವವರಿಗಿಂತ ಹೆಚ್ಚು ಕಾಲ ಬದುಕಿದ್ದು ಕಂಡಿದೆ. ಆದ್ದರಿಂದ ದುಡಿತ ವಿಷ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಯಾವ ದುಡಿತ, ಎಷ್ಟು ಹೊತ್ತು, ನಡುವೆ ಎಷ್ಟು ಬಿಡುವು, ಬಿಡುವು ಕೇಳುವ ಹಕ್ಕು ಯಾರ ಕೈಯಲ್ಲಿದೆ, ಇದನ್ನೆಲ್ಲ ನೋಡಬೇಕು. ಮೂಡಿಗೆರೆಯ ಅಣ್ಣ ತಮ್ಮ ಹಾಜರಿ ಪುಸ್ತಕದಲ್ಲಿ ಕಂಡದ್ದು, ನರ್ಸರಿಯವರೂ ಮೇಸ್ತ್ರಿಗಳೂ ಗಟ್ಟಿ ಉಳಿದದ್ದು, ಇದಕ್ಕೆ ಹತ್ತಿರದ ಮಾತು. ಅವರ ತಾತನ ವಿಷಯದಲ್ಲಿ ಮಾತ್ರ ಒಂದು ಸೇರಿಸುತ್ತೇನೆ. ಆ ಕಾಲದಲ್ಲಿ ಐವತ್ತಕ್ಕೆ ಎದೆ ಹಿಡಿದುಕೊಂಡು ಹೋದವರಿಗೆ ಇಸಿಜಿ ಇರಲಿಲ್ಲ, ಗಾಳಿ ಸೋಕಿತು ಎಂದುಬಿಡುತ್ತಿದ್ದರು. ನಮ್ಮ ಕಣ್ಣಿಗೆ ಉಳಿದಿರುವುದು ಎಂಬತ್ತು ದಾಟಿದ ತಾತಂದಿರು ಮಾತ್ರ.

ನಿಮ್ಮ ತಂದೆಗೆ ಆದದ್ದು ಮೂಟೆಯಿಂದಲೇ ಎಂದು ಯಾರೂ ಹೇಳಲಾರರು. ಕಡ್ಡಿಪುಡಿಯಲ್ಲಿರುವುದು ತಂಬಾಕು. ಸೇದಿದರೂ ಅಗಿದರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ, ನಾಳಗಳನ್ನು ಕಿರಿದಾಗಿಸುತ್ತದೆ. ನೋಡಿಸದೇ ಬಿಟ್ಟ ಬಿ.ಪಿ. ಎಷ್ಟು ವರ್ಷ ಏರಿತ್ತೋ ಏನೋ. ಅದರ ಮೇಲೆ ದಿನಕ್ಕೆ ನೂರಾರು ಸಲ ಆ ಬಿಗಿಹಿಡಿದ ಉಸಿರು. ಮೂರೂ ಒಂದೇ ಎದೆಯ ಮೇಲೆ ಬಿದ್ದಿವೆ.

ಕೂತವರು ಚೆನ್ನಾಗಿದ್ದೇವೆ ಎಂದಿರಲ್ಲ, ಅಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಬೇಕು. ನಿಮ್ಮ ವಯಸ್ಸಿಗೆ ನಿಮ್ಮ ತಂದೆಯೂ ಚೆನ್ನಾಗಿದ್ದರು. ಒಂಬತ್ತು ಗಂಟೆ ಕೂತರೆ ಸಕ್ಕರೆಯನ್ನೂ ಕೊಬ್ಬನ್ನೂ ಬಳಸಬೇಕಾದ ಕಾಲಿನ ಸ್ನಾಯುಗಳು ಮಲಗಿಬಿಡುತ್ತವೆ. ವಾರಕ್ಕೆ 150ರಿಂದ 300 ನಿಮಿಷ ಹದವಾದ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ನಿಮಗೂ ಸೇರಿಸಿಯೇ. ಮಾರಿಸ್ ಅವರೂ ಆಮೇಲೆ ಬ್ರಿಟನ್ನಿನ ಸರ್ಕಾರಿ ಕಚೇರಿ ನೌಕರರನ್ನು ನೋಡಿದರು. ದಿನವಿಡೀ ಮೇಜಿನ ಮುಂದೆ ಕೂತರೂ ಬಿಡುವಿನಲ್ಲಿ ಚುರುಕಾಗಿ ಮೈ ದಣಿಸುತ್ತಿದ್ದವರಲ್ಲಿ ಹೃದಯದ ಕಾಯಿಲೆ ಸ್ಪಷ್ಟವಾಗಿ ಕಡಿಮೆ ಇತ್ತು. ಅಮ್ಮನ ಬಿ.ಪಿ., ಸಕ್ಕರೆ ಇದೇ ವಾರ ನೋಡಿಸಿ.

ಈಗ ತಂದೆಯ ನಡಿಗೆ. ಮೊದಲಿಗೆ ಹತ್ತು ನಿಮಿಷ, ಸಮತಟ್ಟಾದ ದಾರಿ, ಊಟವಾಗಿ ಒಂದೂವರೆ ಗಂಟೆಯ ಮೇಲೆ. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಆಗಬಾರದು, ಹದ ಎಂದರೆ ಅದೇ. ಮಾತಿಗೂ ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತು. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ಕೂರಿಸಿ. ಐದು ನಿಮಿಷದಲ್ಲಿ ಸರಿಹೋಗದಿದ್ದರೆ 108ಕ್ಕೆ ಕರೆ ಮಾಡಿ, ಸೋಡಾ ಹುಡುಕಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅವತ್ತು 11 ಗಂಟೆಗೇ ಹೋಗಿದ್ದರೆ ಇಎಫ್ ಬಹುಶಃ 42ಕ್ಕೆ ಇಳಿಯುತ್ತಿರಲಿಲ್ಲ. ಇದನ್ನು ನೋಯಿಸಲು ಹೇಳುತ್ತಿಲ್ಲ, ಅವರ ಜೊತೆ ಹೊರುವ ಉಳಿದ ಹಮಾಲಿಗಳಿಗೆ ತಲುಪಿಸಿ ಎಂದು ಹೇಳುತ್ತಿದ್ದೇನೆ. ಮಾತ್ರೆಗಳನ್ನು, ಅದರಲ್ಲೂ ರಕ್ತ ತೆಳುವಾಗಿಸುವ ಎರಡನ್ನು, ಹುಷಾರಾದೆ ಎಂದು ತಾವಾಗಿಯೇ ನಿಲ್ಲಿಸುವಂತಿಲ್ಲ. ಸ್ಟೆಂಟ್ ಮುಚ್ಚಿಕೊಳ್ಳಬಹುದು.

ಸುಗ್ಗಿಯ ಕೆಲಸದ ತೀರ್ಮಾನ ಹೃದ್ರೋಗ ವೈದ್ಯರದ್ದು. ಎಕೋ ಮತ್ತೆ ಮಾಡಿಸಿ, ಅವರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ಕೇಳಿ. ಮೂಟೆಗೆ ಹಿಂತಿರುಗುವುದು ನನಗಂತೂ ಇಷ್ಟವಿಲ್ಲ. ತೂಕದ ಯಂತ್ರದ ಹತ್ತಿರವೋ ಚೀಲ ಹೊಲಿಯುವಲ್ಲಿಯೋ ಹಾಕಲು ಕೇಳಿನೋಡಿ. ಸಂಬಳದಿಂದ ಇಎಸ್‌ಐ ಎಂಬ ಕಾರ್ಮಿಕರ ವಿಮೆಯ ಕಡಿತ ಆಗುತ್ತಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಸಂಬಳದ ಚೀಟಿ ತೆಗೆದು ನೋಡಿ.


ಪ್ರಶ್ನೆ ಕೇಳಿದವರು: ಹಿರೇಮಗಳೂರಿನ ಮಗಳು

ಉತ್ತರಿಸಿದ ಎಲ್ಲರಿಗೂ ಕೈಮುಗಿಯುತ್ತೇನೆ. ಆರು ವಾರದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಉತ್ತರಗಳನ್ನು ಅಪ್ಪನ ಮುಂದೆ ಜೋರಾಗಿ ಓದಿದೆ. ಲಂಡನ್ನಿನ ಕಂಡಕ್ಟರುಗಳ ಕಥೆಗೆ ತಲೆದೂಗಿದರು. ಉಸಿರು ಕಟ್ಟುವ ಭಾಗ ಬಂದಾಗ ಓದುವುದನ್ನು ನಿಲ್ಲಿಸಲು ಹೇಳಿ, ಎದ್ದು ಹೋಗಿ ಜಗುಲಿಯ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, "ಉಸಿರು ಬಿಟ್ಟರೆ ಮೂಟೆ ಜಾರುತ್ತದೆ, ಅದನ್ನು ನನಗೆ ಕಲಿಸಿದವನು ನಮ್ಮ ಮೇಸ್ತ್ರಿ. ಅವನೂ ಎದೆನೋವಿನಿಂದಲೇ ಹೋದ" ಎಂದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮಾತನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ.

ನಡಿಗೆಗೆ ಒಪ್ಪದಿದ್ದುದಕ್ಕೆ ಇನ್ನೊಂದು ಕಾರಣವಿತ್ತೆಂದು ಆಮೇಲೆ ತಿಳಿಯಿತು. ರತ್ನಗಿರಿ ಬೋರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಹೇಳುತ್ತಿದ್ದೆ. ಅಲ್ಲಿ ಬೂಟು ಹಾಕಿಕೊಂಡು ನಡೆಯುವವರಲ್ಲಿ ಕ್ಯೂರಿಂಗ್ ವರ್ಕ್ಸ್‌ನ ಕಚೇರಿಯವರೂ ಇರುತ್ತಾರೆ. ಅವರ ಕಣ್ಣಿಗೆ ಕೆಲಸವಿಲ್ಲದ ಹಮಾಲಿಯಾಗಿ ಬೀಳುವುದು ಅಪ್ಪನಿಗೆ ಬೇಡವಾಗಿತ್ತು. ಅದನ್ನು ಬಿಟ್ಟೆವು. ಈಗ ಬೆಳಿಗ್ಗೆ ಆರು ಗಂಟೆಗೆ ಮನೆಯಿಂದ ಕೋದಂಡರಾಮ ದೇವಸ್ಥಾನದವರೆಗೆ, ಅಲ್ಲಿ ಹೊರಗಿನಿಂದ ಒಂದು ಸುತ್ತು, ಮತ್ತೆ ಮನೆ. ನಾನೂ ಜೊತೆಗೆ ಹೋಗುತ್ತೇನೆ. ಮೊದಲ ವಾರ ಹತ್ತು ನಿಮಿಷಕ್ಕೇ ಬೇಸರಪಟ್ಟುಕೊಳ್ಳುತ್ತಿದ್ದರು. ಕೈಯಲ್ಲಿ ಏನೂ ಇಲ್ಲದೆ, ಬೆನ್ನ ಮೇಲೆ ಏನೂ ಇಲ್ಲದೆ ನಡೆಯುವುದು ಅವರಿಗೆ ಬರುತ್ತಲೇ ಇರಲಿಲ್ಲ. ಕುತ್ತಿಗೆ ಮುಂದೆ ಚಾಚಿ, ತಲೆ ತಗ್ಗಿಸಿ, ಮೂಟೆ ಇದ್ದ ಹಾಗೆಯೇ ನಡೆಯುತ್ತಿದ್ದರು. ಅಪ್ಪಾ, ತಲೆ ಎತ್ತಿ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಈಗ 25 ನಿಮಿಷಕ್ಕೆ ಬಂದಿದ್ದೇವೆ, ದಾರಿಯುದ್ದಕ್ಕೂ ಮಾತನಾಡುತ್ತಾರೆ. ಯಾವ ತೋಟದ ಲಾರಿಯ ಮೂಟೆ ಒದ್ದೆ ಇರುತ್ತಿತ್ತು, ಯಾವುದು ತೂಕದಲ್ಲಿ ಮೋಸ ಎಂಬುದೆಲ್ಲ ಅವರಿಗೆ ನೆನಪಿದೆ.

ಕಡ್ಡಿಪುಡಿ ಬಿಟ್ಟು 40 ದಿನವಾಯಿತು. ಎಲೆ ಅಡಿಕೆ ಪೂರ್ತಿ ಬಿಟ್ಟಿಲ್ಲ. ಬೆಳಿಗ್ಗೆ ಎದ್ದಾಗ ನಾಡಿ 84 ಇದ್ದದ್ದು ಈಗ 72. ಅಮ್ಮನ ಬಿ.ಪಿ. ನೋಡಿಸಿದೆವು, 160/100. ಅವರಿಗೂ ಮಾತ್ರೆ ಶುರುವಾಯಿತು. ಅಕ್ಕ, ನೀವು ಗದರಿಸದಿದ್ದರೆ ನಾವು ಅವರನ್ನು ಕರೆದೊಯ್ಯುತ್ತಲೇ ಇರಲಿಲ್ಲ. ಇಎಸ್‌ಐ ಕಡಿತ ಮೊದಲ ಕೆಲವು ವರ್ಷ ಇತ್ತು, ಗುತ್ತಿಗೆಗೆ ಬದಲಾದ ಮೇಲೆ ನಿಂತಿದೆ. ಅದು ನಮಗೆ ಗೊತ್ತೇ ಇರಲಿಲ್ಲ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದಿದ್ದೇನೆ.

ಈಗ ಹೊಸ ತಕರಾರು. ನಮ್ಮ ತಾಯಿಯ ಊರಿನ ಹಬ್ಬ ಮುಂದಿನ ತಿಂಗಳು. ದೇವರನ್ನು ಹೊತ್ತು ಮೆರೆಸುವ ಅಡ್ಡೆಗೆ ಹೆಗಲು ಕೊಡುವುದು ಅಪ್ಪನ ಮೂವತ್ತು ವರ್ಷದ ರೂಢಿ. ಕೂಲಿಗೆ ಹೊರಬಾರದು ಎಂದರೆ ಸರಿ, ದೇವರಿಗೂ ಹೊರಬಾರದೇ ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?


ಉತ್ತರ: ಹೃದ್ರೋಗ ವಿಭಾಗದ ಶುಶ್ರೂಷಕಿ, ಹಾಸನ

ಈ ವರ್ಷ ಬೇಡ. ಹೆಗಲಿಗೆ ಅದು ದೇವರೋ ಕಾಫಿಯೋ ಗೊತ್ತಾಗುವುದಿಲ್ಲ, ಅಲ್ಲೂ ಉಸಿರು ಕಟ್ಟುತ್ತದೆ. ಜನಜಂಗುಳಿ, ಬಿಸಿಲು, ಉಪವಾಸ ಬೇರೆ. ಅಡ್ಡೆಯ ಮುಂದೆ ಚಾಮರ ಬೀಸುತ್ತ ನಡೆಯಲಿ. ಅದೂ ಸೇವೆಯೇ, ಊರಿನ ಹಿರಿಯರಿಗೆ ನೀವು ಮೊದಲೇ ತಿಳಿಸಿಟ್ಟಿರಿ. ನಾಡಿ ಇಳಿದದ್ದರಲ್ಲಿ ಮಾತ್ರೆಯ ಪಾಲೂ ಇದೆ, ಆದ್ದರಿಂದ ಆ ಅಂಕಿ ನೋಡಿ ಮಾತ್ರೆ ಕಡಿಮೆ ಮಾಡಬೇಡಿ. ಅಮ್ಮನ ಬಿ.ಪಿ.ಯನ್ನು ಎರಡು ವಾರದಲ್ಲಿ ಮತ್ತೆ ಅಳೆಯಿಸಿ, ನಾಳೆಯಿಂದ ಅವರನ್ನೂ ದೇವಸ್ಥಾನದವರೆಗೆ ಕರೆದುಕೊಂಡು ಹೋಗಿ.


ಉತ್ತರ: ನಿವೃತ್ತ ನಿರ್ವಾಹಕ, ಹಾಸನ

ಮಗಳೇ, ಹಬ್ಬ ಯಾವ ಊರಿನಲ್ಲಿ, ಯಾವ ದಿನ ಎಂದು ತಿಳಿಸು. ಅಡ್ಡೆಯ ಮುಂದೆ ನಿನ್ನ ಅಪ್ಪನ ಜೊತೆ ನಾನೂ ನಡೆಯುತ್ತೇನೆ. ಹಾಸನದಿಂದ ಬೆಳಿಗ್ಗೆ ಐದೂವರೆಗೆ ಬಸ್ ಇದೆ.